ಜೀವವಿಮಾ ಕಂತಿನ ಮೇಲೆ ಆರೋಗ್ಯ ಮತ್ತು ಜೀವನಶೈಲಿಯ ಪ್ರಭಾವ

ಜೀವವಿಮಾ ಕಂತು ಅಥವಾ ಪ್ರೀಮಿಯಂ ಎಂಬುದು, ವಿಮೆ ಪಡೆದ ವ್ಯಕ್ತಿಯು ಅವಧಿಯೊಳಗೆ ಮರಣ ಹೊಂದಿದಲ್ಲಿ ಆತನ ಕುಟುಂಬಕ್ಕೆ ನಿಗದಿತ ಮೊತ್ತವನ್ನು ಕೊಡುವ ಭರವಸೆಗೆ ಪ್ರತಿಯಾಗಿ ವಿಮಾ ಸಂಸ್ಥೆಯು ಪಡೆಯುವ ಹಣ. ವಯಸ್ಸು, ವಿಮಾ ಮೊತ್ತ ಹಾಗೂ ಅವಧಿ ಒಂದೇ ಆಗಿದ್ದರೂ ಇಬ್ಬರು ಕಟ್ಟುವ ಕಂತು ಒಂದೇ ಆಗಿರಬೇಕೆಂದಿಲ್ಲ. ಅರ್ಜಿದಾರನ ದೇಹಸ್ಥಿತಿ, ಹಿಂದಿನ ಕಾಯಿಲೆಗಳು, ತಂಬಾಕು ಮತ್ತು ಮದ್ಯದ ಅಭ್ಯಾಸ, ಉದ್ಯೋಗ, ತಂದೆತಾಯಿಯರ ಆರೋಗ್ಯದ ಇತಿಹಾಸ ಇವೆಲ್ಲವೂ ಕಂತನ್ನು ಏರಿಸುತ್ತವೆ ಅಥವಾ ಇಳಿಸುತ್ತವೆ. ಈ ವಿವರಗಳನ್ನು ತೂಗಿ ನೋಡಿ, ವಿಮೆ ಕೊಡಬೇಕೆ, ಯಾವ ದರದಲ್ಲಿ ಕೊಡಬೇಕು ಎಂದು ನಿರ್ಧರಿಸುವ ಕೆಲಸಕ್ಕೆ ಅಂಡರ್‌ರೈಟಿಂಗ್ ಎನ್ನುತ್ತಾರೆ.

ಕಂತಿನ ಲೆಕ್ಕಾಚಾರ

ಹೆಚ್ಚುವರಿ ಕಂತನ್ನು ದುರಭ್ಯಾಸಕ್ಕೆ ವಿಧಿಸಿದ ದಂಡವೆಂದು ಭಾವಿಸುವವರು ಅನೇಕರು. ವಾಸ್ತವದಲ್ಲಿ ಅದು ಗುಂಪಿನ ಲೆಕ್ಕ. ಒಬ್ಬ ವ್ಯಕ್ತಿ ಎಂದು ಸಾಯುತ್ತಾನೆಂದು ಯಾರೂ ಹೇಳಲಾರರು. ಆದರೆ ಒಂದೇ ಬಗೆಯ ಸಾವಿರಾರು ಜನರಲ್ಲಿ ವರ್ಷಕ್ಕೆ ಸುಮಾರು ಎಷ್ಟು ಮಂದಿ ಸಾಯಬಹುದೆಂದು ಹಿಂದಿನ ದಾಖಲೆಗಳಿಂದ ಅಂದಾಜು ಮಾಡಬಹುದು. ಉದಾಹರಣೆಗೆ, ತಲಾ 10 ಲಕ್ಷ ರೂಪಾಯಿಗಳ ವಿಮೆ ಪಡೆದ 1000 ಜನರ ಗುಂಪಿನಲ್ಲಿ ವರ್ಷಕ್ಕೆ 2 ಸಾವು ಸಂಭವಿಸುವುದೆಂದು ಭಾವಿಸೋಣ. ಕೊಡಬೇಕಾದ ಹಣ 20 ಲಕ್ಷ. ತಲೆಗೆ 2000 ರೂಪಾಯಿ. ಇನ್ನೊಂದು ಗುಂಪಿನಲ್ಲಿ 3 ಸಾವು ನಿರೀಕ್ಷಿತವಾಗಿದ್ದರೆ ತಲೆಗೆ 3000 ರೂಪಾಯಿ ಬೇಕಾಗುತ್ತದೆ. ಸಂಸ್ಥೆಯ ಖರ್ಚು, ಏಜೆಂಟರ ಕಮಿಷನ್, ಲಾಭ, ಬಡ್ಡಿಯ ಗಳಿಕೆ ಇವು ನಂತರ ಸೇರುವ ಮಾತು. ಈ ಎರಡು ಗುಂಪುಗಳಲ್ಲಿ ಅರ್ಜಿದಾರನು ಯಾವುದಕ್ಕೆ ಸೇರುತ್ತಾನೆ ಎಂಬುದೇ ಅಂಡರ್‌ರೈಟಿಂಗ್‌ನ ಪ್ರಶ್ನೆ.

ಇಂತಹ ಅಂದಾಜಿಗೆ ಆಧಾರವಾದುದು ಮರಣ ಕೋಷ್ಟಕ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಬಳಕೆಗೆ ಬಂದದ್ದು 2012–14ರ ಭಾರತೀಯ ವಿಮಾದಾರರ ಮರಣ ಕೋಷ್ಟಕ. ಇದು ದೇಶದ ಎಲ್ಲ ಜನರ ಕೋಷ್ಟಕವಲ್ಲ, ವಿಮೆ ಪಡೆದವರದು ಮಾತ್ರ ಎಂಬುದನ್ನು ಗಮನಿಸಬೇಕು.

ಹೆಚ್ಚಿನ ಅಪಾಯವುಳ್ಳವರಿಗೆ ಸಾಮಾನ್ಯ ದರದ ಮೇಲೆ ಸೇರಿಸುವ ಮೊತ್ತಕ್ಕೆ ಲೋಡಿಂಗ್ ಎಂದು ಹೆಸರು. ಅದರ ಪರಿಣಾಮ ಪಾಲಿಸಿಯ ಬಗೆಯನ್ನು ಅವಲಂಬಿಸಿದೆ. ಟರ್ಮ್ ಪಾಲಿಸಿಯಲ್ಲಿ ಕಂತಿನ ಬಹುಭಾಗ ಮರಣದ ಅಪಾಯಕ್ಕೇ ಸಲ್ಲುವುದರಿಂದ ಲೋಡಿಂಗ್ ಎದ್ದು ಕಾಣುತ್ತದೆ. ಅವಧಿಯ ಕೊನೆಯಲ್ಲಿ ಹಣ ಹಿಂದಿರುಗುವ ಎಂಡೋಮೆಂಟ್ ಪಾಲಿಸಿಯಲ್ಲಿ ಕಂತಿನ ಹೆಚ್ಚಿನ ಪಾಲು ಉಳಿತಾಯ. 50,000 ರೂಪಾಯಿಯ ಕಂತಿನಲ್ಲಿ ಮರಣದ ಪಾಲು 2000 ಇದ್ದರೆ, ಅದು ಒಂದೂವರೆ ಪಟ್ಟಾದರೂ ಕಂತು 51,000 ಆಗುತ್ತದೆ, ಅಷ್ಟೆ. ಹಳೆಯ ತಲೆಮಾರಿನವರು ಆರೋಗ್ಯಕ್ಕೂ ಕಂತಿಗೂ ಸಂಬಂಧವೇ ಇಲ್ಲವೆಂಬಂತೆ ಪಾಲಿಸಿ ಮಾಡಿಸುತ್ತಿದ್ದುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಇತಿಹಾಸ

ವಯಸ್ಸಿಗನುಗುಣವಾಗಿ ಮರಣದ ಪ್ರಮಾಣವನ್ನು ಲೆಕ್ಕ ಹಾಕಿದ ಆರಂಭದ ವಿದ್ವಾಂಸರಲ್ಲಿ ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ ಪ್ರಮುಖ. ಆತ ಬ್ರೆಸ್ಲೌ ನಗರದ ಜನನ ಮರಣಗಳ ದಾಖಲೆಯನ್ನು ಆಧರಿಸಿ 1693ರಲ್ಲಿ ಕೋಷ್ಟಕವೊಂದನ್ನು ಪ್ರಕಟಿಸಿದ. 1762ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಈಕ್ವಿಟಬಲ್ ಸಂಸ್ಥೆ ವಯಸ್ಸಿನ ಆಧಾರದ ಕಂತನ್ನು ಜಾರಿಗೆ ತಂದಿತು.

ಭಾರತದಲ್ಲಿ ಮೊದಲ ಜೀವವಿಮಾ ಸಂಸ್ಥೆಯಾದ ಓರಿಯಂಟಲ್ 1818ರಲ್ಲಿ ಕಲ್ಕತ್ತದಲ್ಲಿ ಆರಂಭವಾಯಿತು. ಅಂದಿನ ಸಂಸ್ಥೆಗಳು ಯುರೋಪಿಯನ್ನರಿಗಾಗಿಯೇ ಹುಟ್ಟಿದವು. ಭಾರತೀಯರ ಜೀವವನ್ನು ಕೆಳದರ್ಜೆಯ ಅಪಾಯವೆಂದು ಪರಿಗಣಿಸಿ ಅವರಿಂದ ಭಾರಿ ಹೆಚ್ಚುವರಿ ಕಂತು ಪಡೆಯುತ್ತಿದ್ದವು. ವ್ಯಕ್ತಿಯು ಎಷ್ಟೇ ಆರೋಗ್ಯವಂತನಾಗಿದ್ದರೂ ಹುಟ್ಟೇ ಅವನ ಲೋಡಿಂಗ್ ಆಗಿತ್ತು. 1870ರಲ್ಲಿ ಸ್ಥಾಪಿತವಾದ ಬಾಂಬೆ ಮ್ಯೂಚುವಲ್ ಸಂಸ್ಥೆ ಭಾರತೀಯರಿಗೂ ಸಾಮಾನ್ಯ ದರದಲ್ಲಿ ವಿಮೆ ನೀಡಿತು. ಗುಂಪಿನ ಹೆಸರಿನಲ್ಲಿ ವ್ಯಕ್ತಿಗೆ ಬೆಲೆ ಕಟ್ಟುವ ಪದ್ಧತಿ ಎಲ್ಲಿ ತಪ್ಪಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆರೋಗ್ಯದ ಅಂಶಗಳಿಗೆ ಅಂಕ ಕೊಡುವ ಕ್ರಮವನ್ನು ನ್ಯೂಯಾರ್ಕ್ ಲೈಫ್ ಸಂಸ್ಥೆಯ ವೈದ್ಯ ಆಸ್ಕರ್ ರೋಜರ್ಸ್ ಮತ್ತು ಆಕ್ಚುವರಿ ಆರ್ಥರ್ ಹಂಟರ್ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದರು. ಸಾಮಾನ್ಯ ಆರೋಗ್ಯವಂತನ ಅಂಕ 100. ಅತಿತೂಕಕ್ಕೆ ಇಷ್ಟು, ರಕ್ತದೊತ್ತಡಕ್ಕೆ ಇಷ್ಟು ಎಂದು ಕೂಡುತ್ತಾ, ಒಳ್ಳೆಯ ಅಂಶಗಳಿಗೆ ಕಳೆಯುತ್ತಾ ಹೋಗಿ ಒಟ್ಟು 150 ಬಂದರೆ ಆತನ ಗುಂಪಿನಲ್ಲಿ ಸಾವಿನ ಸಂಭವ ಒಂದೂವರೆ ಪಟ್ಟು ಎಂದರ್ಥ. ಇಂದಿನ ಅಂಡರ್‌ರೈಟಿಂಗ್‌ನ ತಳಹದಿ ಈಗಲೂ ಇದೇ.

ತಂಬಾಕು

ಜೀವನಶೈಲಿಯ ಅಂಶಗಳಲ್ಲಿ ಕಂತಿನ ಮೇಲೆ ಅತ್ಯಂತ ನೇರವಾದ ಪರಿಣಾಮ ಬೀರುವುದು ತಂಬಾಕು. ಧೂಮಪಾನದ ಅಪಾಯಗಳ ಕುರಿತು ಅಮೆರಿಕದ ಸರ್ಜನ್ ಜನರಲ್ ಅವರ ವರದಿ 1964ರ ಜನವರಿಯಲ್ಲಿ ಹೊರಬಿತ್ತು. ಅದೇ ವರ್ಷ ಅಲ್ಲಿನ ಸ್ಟೇಟ್ ಮ್ಯೂಚುವಲ್ ಸಂಸ್ಥೆ ಧೂಮಪಾನ ಮಾಡದವರಿಗೆ ಕಡಿಮೆ ದರದ ಪಾಲಿಸಿಯನ್ನು ನೀಡತೊಡಗಿತು. ಇಂದು ಭಾರತೀಯ ಜೀವವಿಮಾ ನಿಗಮವೂ ಸೇರಿದಂತೆ ದೇಶದ ಸಂಸ್ಥೆಗಳು ಟರ್ಮ್ ಪಾಲಿಸಿಗಳಲ್ಲಿ ಈ ಎರಡು ವರ್ಗಗಳಿಗೆ ಬೇರೆ ಬೇರೆ ದರಪಟ್ಟಿಗಳನ್ನು ಇಟ್ಟಿವೆ.

ಇಲ್ಲಿ ಒಂದು ಮಾತಿನ ಗೊಂದಲವಿದೆ. ಅರ್ಜಿಯಲ್ಲಿ ‘ಧೂಮಪಾನಿ’ ಎಂಬ ಶಬ್ದ ಕಂಡೊಡನೆ, ಬೀಡಿ ಸಿಗರೇಟು ಮುಟ್ಟದವರು ನಿಶ್ಚಿಂತೆಯಿಂದ ‘ಇಲ್ಲ’ ಎಂದು ಬರೆಯುತ್ತಾರೆ. ಆದರೆ ಅದರ ಜೊತೆಯ ಪ್ರಶ್ನೆ ಸಾಮಾನ್ಯವಾಗಿ ಯಾವುದೇ ರೂಪದ ತಂಬಾಕನ್ನು ಕುರಿತದ್ದು. ಎಲೆಯಡಿಕೆಯೊಡನೆ ಹಾಕಿಕೊಳ್ಳುವ ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ನಶ್ಯ ಎಲ್ಲವೂ ಅದರಲ್ಲಿ ಸೇರುತ್ತವೆ. ಕರ್ನಾಟಕದ ಓದುಗರಿಗೆ ಇದು ಮುಖ್ಯ ವಿಷಯ: 2016–17ರ ರಾಷ್ಟ್ರಮಟ್ಟದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ತಂಬಾಕು ಸೇದುವವರು ಶೇ. 8.8 ಆಗಿದ್ದರೆ, ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ಊಟದ ನಂತರ ಎಲೆಯಡಿಕೆ ಮೆಲ್ಲುವುದನ್ನು ದುಶ್ಚಟವೆಂದು ನಮ್ಮ ಹಳ್ಳಿಗಳಲ್ಲಿ ಯಾರೂ ಎಣಿಸುವುದಿಲ್ಲ. ಹಾಗಾಗಿ ಅದು ಅರ್ಜಿಯಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ.

ಪರೀಕ್ಷೆಗೆ ಇಂತಹ ಭೇದವಿಲ್ಲ. ನಿಕೋಟಿನ್ ದೇಹದಲ್ಲಿ ಕೋಟಿನೈನ್ ಎಂಬ ವಸ್ತುವಾಗಿ ಪರಿವರ್ತನೆಗೊಂಡು ಕೆಲವು ದಿನಗಳ ಕಾಲ ಮೂತ್ರದಲ್ಲಿ ಉಳಿದಿರುತ್ತದೆ. ಸೇದಿದ್ದೋ, ಅಗಿದದ್ದೋ, ಚಟ ಬಿಡಲು ಬಳಸಿದ ನಿಕೋಟಿನ್ ಚೂಯಿಂಗ್ ಗಮ್ಮೋ ಎಂಬುದನ್ನು ಅದು ಹೇಳದು. ತಂಬಾಕನ್ನು ಬಿಟ್ಟು ಸಾಮಾನ್ಯವಾಗಿ ಒಂದು ವರ್ಷ ಕಳೆದವರನ್ನು ಹಲವು ಸಂಸ್ಥೆಗಳು ಬಳಸದವರ ವರ್ಗಕ್ಕೆ ಸೇರಿಸುತ್ತವೆ. ಅವಧಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಬಹುದು.

ತೂಕ, ರಕ್ತದೊತ್ತಡ, ಮಧುಮೇಹ

ಕಿಲೋಗ್ರಾಂ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ ದೇಹತೂಕ ಸೂಚ್ಯಂಕ. 165 ಸೆಂಟಿಮೀಟರ್ ಎತ್ತರದ, 70 ಕಿಲೋ ತೂಕದ ವ್ಯಕ್ತಿಯ ಸೂಚ್ಯಂಕ ಸುಮಾರು 25.7. ಅಂತಾರಾಷ್ಟ್ರೀಯವಾಗಿ 25ರಿಂದ ಅತಿತೂಕ ಮತ್ತು 30ರಿಂದ ಬೊಜ್ಜು ಎಂದು ಪರಿಗಣಿಸಿದರೆ, ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ, ಹೃದ್ರೋಗ ಕಾಣಿಸಿಕೊಳ್ಳುವುದರಿಂದ ಇಲ್ಲಿನ ವೈದ್ಯರು 23 ಮತ್ತು 25ರ ಮಿತಿಗಳನ್ನು ಬಳಸುತ್ತಾರೆ. ವಿಮಾ ಸಂಸ್ಥೆಗಳು ತಮ್ಮದೇ ಪಟ್ಟಿಗಳನ್ನು ಇಟ್ಟುಕೊಂಡಿರುತ್ತವೆ. ತೀರ ಕಡಿಮೆ ತೂಕಕ್ಕೂ ಲೋಡಿಂಗ್ ಉಂಟು.

ರಕ್ತದೊತ್ತಡವನ್ನು ಅಳೆಯುವ ಅಭ್ಯಾಸ ಹರಡುವಲ್ಲಿ ವಿಮಾ ಸಂಸ್ಥೆಗಳ ಪಾತ್ರವಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ಮ್ಯೂಚುವಲ್ ಸಂಸ್ಥೆ 1907ರಲ್ಲಿಯೇ ಅರ್ಜಿದಾರರ ರಕ್ತದೊತ್ತಡವನ್ನು ಪರೀಕ್ಷಿಸತೊಡಗಿತ್ತು. ಲಕ್ಷಾಂತರ ವಿಮಾದಾರರ ದಾಖಲೆಗಳು ಅಧಿಕ ರಕ್ತದೊತ್ತಡಕ್ಕೂ ಅಲ್ಪಾಯುಷ್ಯಕ್ಕೂ ಇರುವ ನಂಟನ್ನು ವೈದ್ಯಲೋಕಕ್ಕೆ ಸ್ಪಷ್ಟಪಡಿಸಿದವು.

ಮಧುಮೇಹದಲ್ಲಿ ರೋಗ ಇದೆಯೇ ಇಲ್ಲವೇ ಎಂಬುದಷ್ಟೇ ಮುಖ್ಯವಲ್ಲ. ಎಷ್ಟನೆಯ ವಯಸ್ಸಿಗೆ ಬಂತು, ಹತೋಟಿಯಲ್ಲಿದೆಯೇ, ಮೂತ್ರಪಿಂಡ ಅಥವಾ ಕಣ್ಣಿಗೆ ತಗುಲಿದೆಯೇ ಎಂದು ನೋಡುತ್ತಾರೆ. ಐವತ್ತರ ನಂತರ ಕಾಣಿಸಿಕೊಂಡು ಮಾತ್ರೆಯಿಂದ ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆಗೆ ಲೋಡಿಂಗಿನೊಡನೆ ವಿಮೆ ದೊರೆಯುವ ಸಂಭವವಿದೆ. ಎಳೆಯ ವಯಸ್ಸಿನಲ್ಲಿ ಬಂದು ಮೂತ್ರಪಿಂಡಕ್ಕೆ ತಗುಲಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಪರೀಕ್ಷೆಗೆ ಮುನ್ನ ಎರಡು ದಿನ ಸಿಹಿ ಬಿಟ್ಟರೆ ಸಾಕೆಂಬ ಉಪಾಯವೂ ಫಲಿಸದು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುತ್ತದೆ.

ಇತರ ಅಂಶಗಳು

ಮದ್ಯದ ವಿಷಯದಲ್ಲಿ ಪ್ರಮಾಣವನ್ನು ಕೇಳುತ್ತಾರೆ, ಯಕೃತ್ತಿನ ಪರೀಕ್ಷೆ ಮಾಡಿಸುತ್ತಾರೆ. ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಅರುವತ್ತಕ್ಕೆ ಮುಂಚೆಯೇ ಹೃದ್ರೋಗ ಬಂದಿದ್ದರೆ ಅದು ಗಣನೆಗೆ ಬರುತ್ತದೆ. ಗಣಿ, ಸಿಡಿಮದ್ದು, ಆಳಸಮುದ್ರದಂತಹ ಅಪಾಯದ ಉದ್ಯೋಗಗಳಿಗೆ ಶೇಕಡಾವಾರು ಲೋಡಿಂಗಿನ ಬದಲು ವಿಮಾ ಮೊತ್ತದ ಪ್ರತಿ ಸಾವಿರಕ್ಕೆ ಇಂತಿಷ್ಟು ರೂಪಾಯಿ ಎಂದು ಸೇರಿಸುವ ಕ್ರಮವಿದೆ. ಮಹಿಳೆಯರ ಆಯುಷ್ಯ ಸರಾಸರಿಯಲ್ಲಿ ಹೆಚ್ಚಾದ್ದರಿಂದ ಟರ್ಮ್ ಪಾಲಿಸಿಯ ಕಂತು ಅವರಿಗೆ ಕಡಿಮೆ.

ಪ್ರಸ್ತಾವನಾ ಪತ್ರ ಮತ್ತು ನಿಜ ಹೇಳುವ ಹೊಣೆ

ಮೇಲಿನ ಎಲ್ಲ ಲೆಕ್ಕವೂ ನಿಂತಿರುವುದು ಅರ್ಜಿದಾರನು ಪ್ರಸ್ತಾವನಾ ಪತ್ರದಲ್ಲಿ ಕೊಡುವ ಉತ್ತರಗಳ ಮೇಲೆ. ಅನೇಕ ಪಾಲಿಸಿಗಳಲ್ಲಿ, ವಿಶೇಷವಾಗಿ ಕಡಿಮೆ ಮೊತ್ತದವುಗಳಲ್ಲಿ, ವೈದ್ಯಕೀಯ ಪರೀಕ್ಷೆಯೇ ಇರುವುದಿಲ್ಲ. ಅಲ್ಲಿ ಮಾತೇ ಪ್ರಮಾಣ. ಆದರೆ ನಮ್ಮಲ್ಲಿ ಈ ಪತ್ರವನ್ನು ತುಂಬುವವನು ಬಹುಮಟ್ಟಿಗೆ ಏಜೆಂಟ್. ಪತ್ರ ಇಂಗ್ಲಿಷಿನಲ್ಲಿರುತ್ತದೆ, ಆರೋಗ್ಯದ ಪ್ರಶ್ನೆಗಳ ಸಾಲಿಗೆ ‘ಇಲ್ಲ’ ಎಂಬ ಗುರುತು ಒಮ್ಮೆಗೇ ಬೀಳುತ್ತದೆ, ಅರ್ಜಿದಾರ ಕೊನೆಯಲ್ಲಿ ಸಹಿ ಹಾಕುತ್ತಾನೆ. ಕನ್ನಡದಲ್ಲಿ ಸಹಿ ಮಾಡುವವರಿಗೆ ಅಥವಾ ಹೆಬ್ಬೆಟ್ಟು ಒತ್ತುವವರಿಗೆ ಪತ್ರದ ವಿಷಯವನ್ನು ತಿಳಿಸಿ ಹೇಳಲಾಗಿದೆ ಎಂದು ದೃಢೀಕರಿಸುವ ಅಂಕಣ ಅದರಲ್ಲಿಯೇ ಇದೆ. ಅದನ್ನು ನಿಜವಾಗಿಯೂ ಓದಿ ಹೇಳಿಸಿಕೊಳ್ಳುವುದು ಅರ್ಜಿದಾರನ ಹಕ್ಕು.

ಸುಳ್ಳು ಉತ್ತರದ ಪರಿಣಾಮವನ್ನು 1938ರ ವಿಮಾ ಕಾಯಿದೆಯ 45ನೆಯ ಕಲಮು ಹೇಳುತ್ತದೆ. 2015ರ ತಿದ್ದುಪಡಿಯ ನಂತರ, ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗಾದರೆ ವಂಚನೆ ಅಥವಾ ಮಹತ್ವದ ಸಂಗತಿಯನ್ನು ಮರೆಮಾಚಿದ ಆಧಾರದ ಮೇಲೆ ಸಂಸ್ಥೆ ಹಣವನ್ನು ನಿರಾಕರಿಸಬಹುದು. ವಂಚನೆಯಲ್ಲದ ತಪ್ಪು ಹೇಳಿಕೆಯಾದಲ್ಲಿ ಕಟ್ಟಿದ ಕಂತುಗಳನ್ನು 90 ದಿನಗಳಲ್ಲಿ ಹಿಂದಿರುಗಿಸಬೇಕು. ಅಂದರೆ 25 ಲಕ್ಷ ನಿರೀಕ್ಷಿಸಿದ್ದ ಮನೆಗೆ ಕೆಲವು ಸಾವಿರ ಬರುತ್ತದೆ. ಮರೆಮಾಚಿದ ಸಂಗತಿ ಅಪಾಯಕ್ಕೆ ನೇರವಾಗಿ ಸಂಬಂಧಿಸಿರಬೇಕು, ಅದು ತಿಳಿದಿದ್ದರೆ ಪಾಲಿಸಿ ಕೊಡುತ್ತಿರಲಿಲ್ಲ ಎಂದು ತೋರಿಸುವ ಹೊಣೆ ಸಂಸ್ಥೆಯದು ಎಂಬ ರಕ್ಷಣೆಯೂ ಇದೆ. ಆದರೆ ವಂಚನೆಯ ಆರೋಪ ಬಂದಾಗ, ಪಾಲಿಸಿದಾರ ಬದುಕಿಲ್ಲದಿದ್ದರೆ, ಅದನ್ನು ಅಲ್ಲಗಳೆಯುವ ಹೊರೆ ಹಣ ಪಡೆಯಬೇಕಾದವರ ಮೇಲೆ ಬೀಳುತ್ತದೆ. ಗಂಡ ಯಾವ ಕಾಗದಕ್ಕೆ ಸಹಿ ಹಾಕಿದ್ದನೆಂದು ನೋಡಿಯೂ ಇರದ ಹೆಂಡತಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಈ ಕಲಮಿನ ಹಳೆಯ ರೂಪವನ್ನು ಸರ್ವೋಚ್ಚ ನ್ಯಾಯಾಲಯ 1962ರ ಮಿಠೂಲಾಲ್ ನಾಯಕ್ ಪ್ರಕರಣದಲ್ಲಿ ವ್ಯಾಖ್ಯಾನಿಸಿತು. ವಿಮಾದಾರನು ಅರ್ಜಿಗೆ ಕೆಲವೇ ತಿಂಗಳ ಹಿಂದೆ ವೈದ್ಯರಿಂದ ಚಿಕಿತ್ಸೆ ಪಡೆದಿದ್ದುದನ್ನು ಮುಚ್ಚಿಟ್ಟಿದ್ದನು. ಸಂಗತಿ ಮಹತ್ವದ್ದಾಗಿರಬೇಕು, ಮರೆಮಾಚುವಿಕೆ ವಂಚನೆಯ ಉದ್ದೇಶದ್ದಾಗಿರಬೇಕು, ಹೇಳಿಕೆ ಸುಳ್ಳೆಂದು ಆತನಿಗೆ ತಿಳಿದಿರಬೇಕು ಎಂಬ ಮೂರು ಷರತ್ತುಗಳನ್ನು ವಿವರಿಸಿ, ಅವು ಪೂರೈಸಿವೆಯೆಂದು ಕಂಡು ನ್ಯಾಯಾಲಯ ವಿಮಾ ನಿಗಮದ ಪರವಾಗಿ ತೀರ್ಪಿತ್ತಿತು.

ಪಾಲಿಸಿ ಕೈಸೇರಿದ ಮೇಲೆ ಅದರೊಡನೆ ಪ್ರಸ್ತಾವನಾ ಪತ್ರದ ಪ್ರತಿಯೂ ಬರುತ್ತದೆ. ಅದನ್ನು ಓದಿ, ತಪ್ಪು ಉತ್ತರ ಕಂಡುಬಂದರೆ ಸಂಸ್ಥೆಗೆ ಬರಹದಲ್ಲಿ ತಿಳಿಸಬಹುದು. ಒಪ್ಪಿಗೆಯಾಗದಿದ್ದರೆ 2024ರ ನಿಯಮಗಳ ಪ್ರಕಾರ 30 ದಿನಗಳೊಳಗೆ ಪಾಲಿಸಿಯನ್ನು ಹಿಂದಿರುಗಿಸಬಹುದು.

ಒಮ್ಮೆ ನಿಗದಿಯಾದ ಕಂತನ್ನು ನಂತರ ಬಂದ ಕಾಯಿಲೆಯ ಕಾರಣದಿಂದ ಏರಿಸುವುದಿಲ್ಲ. ಮೂವತ್ತರಲ್ಲಿ ಪಾಲಿಸಿ ಮಾಡಿಸಿ ನಲವತ್ತರಲ್ಲಿ ಸಕ್ಕರೆ ಕಾಯಿಲೆ ಬಂದವನು ಹಳೆಯ ಕಂತನ್ನೇ ಕಟ್ಟುತ್ತಾನೆ. ಕಂತು ನಿಂತು ಪಾಲಿಸಿ ರದ್ದಾದರೆ ಮಾತ್ರ ಈ ಅನುಕೂಲ ಕೈತಪ್ಪುತ್ತದೆ. ಪುನಶ್ಚೇತನಗೊಳಿಸುವಾಗ ಹೊಸದಾಗಿ ಆರೋಗ್ಯದ ಹೇಳಿಕೆ ಕೊಡಬೇಕು. 45ನೆಯ ಕಲಮಿನ ಮೂರು ವರ್ಷವೂ ಆ ದಿನದಿಂದ ಮತ್ತೆ ಆರಂಭವಾಗುತ್ತದೆ.

ಆರೋಗ್ಯವನ್ನು ಪರಿಗಣಿಸದ ವಿಮೆ ಮತ್ತು ಕಾನೂನಿನ ಮಿತಿ

ಎಲ್ಲ ವಿಮೆಗಳೂ ಹೀಗೆ ವಿಂಗಡಿಸುವುದಿಲ್ಲ. 2015ರ ಮೇ ತಿಂಗಳಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮಾ ಯೋಜನೆಯಲ್ಲಿ 18ರಿಂದ 50 ವರ್ಷದ ಬ್ಯಾಂಕ್ ಖಾತೆದಾರರಿಗೆ 2 ಲಕ್ಷ ರೂಪಾಯಿಗಳ ವಿಮೆಗೆ ಒಂದೇ ಕಂತು: ಮೊದಲು ವರ್ಷಕ್ಕೆ 330 ರೂಪಾಯಿ, 2022ರ ಜೂನ್‌ನಿಂದ 436. ಬೀಡಿ ಸೇದುವ ಕೂಲಿಕಾರನಿಗೂ ದಿನವೂ ಓಡುವ ಕಚೇರಿ ನೌಕರನಿಗೂ ದರ ಸಮಾನ, ವೈದ್ಯಕೀಯ ಪರೀಕ್ಷೆಯಿಲ್ಲ. ಕಾಯಿಲೆ ಬಿದ್ದ ಮೇಲೆ ಸೇರುವವರನ್ನು ತಡೆಯಲು, ಸೇರಿದ ಮೊದಲ 30 ದಿನಗಳಲ್ಲಿ ಅಪಘಾತದ ಹೊರತು ಬೇರೆ ಕಾರಣದಿಂದಾದ ಮರಣಕ್ಕೆ ಹಣ ಸಿಗುವುದಿಲ್ಲ.

ವಿಂಗಡಣೆಗೆ ಕಾನೂನು ಹಾಕಿದ ಮಿತಿಯೂ ಒಂದಿದೆ. 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯಿದೆಯು 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು. ಸೋಂಕಿತರಿಗೆ ವಿಮೆಯನ್ನು ನಿರಾಕರಿಸುವುದನ್ನಾಗಲಿ ಅನ್ಯಾಯದ ಷರತ್ತು ವಿಧಿಸುವುದನ್ನಾಗಲಿ, ಆಕ್ಚುವರಿಗಳ ಅಧ್ಯಯನದ ಬೆಂಬಲವಿಲ್ಲದಿದ್ದಲ್ಲಿ, ಅದು ತಾರತಮ್ಯವೆಂದು ನಿಷೇಧಿಸುತ್ತದೆ.