ಪ್ರಯೋಗಶಾಲೆಯನ್ನು ಹೊಕ್ಕ ಭೌತಶಾಸ್ತ್ರ

ಶಾಲಾ ವಿದ್ಯಾಭ್ಯಾಸದ ಅಂತಿಮ ವರ್ಷದಲ್ಲಿ ಭೌತಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಯು ತನ್ನ ಕೈಯಿಂದಲೇ ಅಳೆದು, ಅಳತೆಯನ್ನು ಕೋಷ್ಟಕದಲ್ಲಿ ಬರೆದು, ಆ ಅಂಕಿಗಳೊಳಗೆ ಅಡಗಿರುವ ನಿಯಮವನ್ನು ತಾನೇ ಕಾಣಬೇಕೆಂಬುದು ಇಂದು ಸಹಜವಾಗಿ ತೋರುವುದಾದರೂ, ಅಮೆರಿಕದ ಶಾಲೆಗಳಲ್ಲಿ ಈ ಕ್ರಮವು ರೂಢಿಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅದಕ್ಕೆ ಮೊದಲು ಅಲ್ಲಿ ನಡೆಯುತ್ತಿದ್ದ ಪಾಠವು ಬಹುಮಟ್ಟಿಗೆ ಗ್ರಂಥಪಠನವೇ ಆಗಿದ್ದಿತು. ಪುಸ್ತಕದ ವಾಕ್ಯಗಳನ್ನು ಕಂಠಸ್ಥ ಮಾಡಿ ಒಪ್ಪಿಸುವುದು, ಹೆಚ್ಚೆಂದರೆ ಉಪಾಧ್ಯಾಯರು ವಾಯುರೇಚಕವನ್ನೋ ವಿದ್ಯುದ್ಯಂತ್ರವನ್ನೋ ಮೇಜಿನ ಮೇಲಿಟ್ಟು ತೋರಿಸಿದಾಗ ದೂರದಲ್ಲಿ ಕುಳಿತು ನೋಡುವುದು, ಇಷ್ಟೇ ವಿದ್ಯಾರ್ಥಿಯ ಪಾಲಿಗೆ ಬರುತ್ತಿದ್ದುದು.

ಈ ಸ್ಥಿತಿಯನ್ನು ಕದಲಿಸಿದುದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಪ್ರವೇಶ ನಿಯಮ. ಅಲ್ಲಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಸ್ವತಃ ರಸಾಯನಶಾಸ್ತ್ರಜ್ಞರು. ವಿಜ್ಞಾನವು ಕಿವಿಯಿಂದಲ್ಲದೆ ಕೈಯಿಂದ ಬರಬೇಕಾದ ವಿದ್ಯೆಯೆಂಬುದು ಅವರ ದೃಢವಾದ ನಂಬಿಕೆ. ಶಾಲೆಯಲ್ಲಿ ತಾನೇ ಪ್ರಯೋಗಗಳನ್ನು ಮಾಡಿದ ವಿದ್ಯಾರ್ಥಿಗೆ ಆ ಆಧಾರದ ಮೇಲೆಯೇ ಪ್ರವೇಶ ಪರೀಕ್ಷೆಗೆ ಕೂರುವ ಅವಕಾಶವನ್ನು ವಿಶ್ವವಿದ್ಯಾನಿಲಯವು 1886ರಲ್ಲಿ ಪ್ರಕಟಿಸಿತು. ಆದರೆ ಯಾವ ಪ್ರಯೋಗಗಳನ್ನು, ಯಾವ ಸಾಮಗ್ರಿಯಿಂದ, ಎಷ್ಟು ನಿಷ್ಕೃಷ್ಟವಾಗಿ ಮಾಡಬೇಕೆಂಬುದನ್ನು ಸಾಮಾನ್ಯ ಶಾಲೆಗೆ ತಿಳಿಸುವವರು ಬೇಕಾಗಿದ್ದರು. ಆ ಕಾರ್ಯವು ಎಡ್ವಿನ್ ಹಾಲ್ ಅವರ ಪಾಲಿಗೆ ಬಂದುದು ವಿದ್ಯಾಭ್ಯಾಸದ ಒಂದು ಭಾಗ್ಯವೆಂದೇ ನಾನು ಎಣಿಸುತ್ತೇನೆ. 1879ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಮ್ಯಾಕ್ಸ್‌ವೆಲ್ಲರ ಮಹಾಗ್ರಂಥದ ಒಂದು ಹೇಳಿಕೆ ಅವರ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ: ಕಾಂತಕ್ಷೇತ್ರದಲ್ಲಿ ಬಲವು ವರ್ತಿಸುವುದು ವಾಹಕದ ಮೇಲೆಯೇ ಹೊರತು ಅದರಲ್ಲಿ ಹರಿಯುವ ವಿದ್ಯುತ್ತಿನ ಮೇಲಲ್ಲವೆಂದು ಅಲ್ಲಿ ಬರೆದಿದ್ದಿತು. ತೆಳುವಾದ ಚಿನ್ನದ ರೇಕಿನಲ್ಲಿ ವಿದ್ಯುತ್ತನ್ನು ಹರಿಸಿ, ಅದನ್ನು ಕಾಂತಕ್ಷೇತ್ರದಲ್ಲಿರಿಸಿ, ಪ್ರವಾಹಕ್ಕೆ ಅಡ್ಡಲಾಗಿ ವಿಭವಾಂತರವು ಹುಟ್ಟುವುದನ್ನು ಕಂಡ ಆ ತರುಣನ ಹೆಸರಿನಿಂದಲೇ ಇಂದಿಗೂ ಆ ಪರಿಣಾಮವು ಪ್ರಸಿದ್ಧವಾಗಿದೆ. ಅದಕ್ಕೂ ಮೊದಲು ಅವರು ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಆದುದರಿಂದ ಸಂಶೋಧಕನ ಸಂಶಯ ಪ್ರಜ್ಞೆಯೂ ಶಾಲೆಯ ಬಡತನದ ಅರಿವೂ ಅವರಲ್ಲಿ ಒಟ್ಟಿಗಿದ್ದವು.

ಹಾಲ್ ಸಿದ್ಧಪಡಿಸಿದ ಪಟ್ಟಿಯು 40 ಪ್ರಯೋಗಗಳ ಪಟ್ಟಿಯೆಂದು ಹೆಸರಾಯಿತು. ನೀರಿನಲ್ಲಿ ಮುಳುಗಿದ ವಸ್ತುವನ್ನು ನೀರು ಎಷ್ಟು ಬಲದಿಂದ ಮೇಲಕ್ಕೆತ್ತುವುದು, ಸನ್ನೆಯ ತೋಳುಗಳು ಹೇಗೆ ಸಮತೂಗುವುವು, ಕರಗುವ ಮಂಜುಗಡ್ಡೆಯು ಎಷ್ಟು ಉಷ್ಣವನ್ನು ಗುಪ್ತವಾಗಿ ಹೀರಿಕೊಳ್ಳುವುದು, ಮಸೂರದ ಸಂಗಮದೂರವೆಷ್ಟು ಎಂಬಂಥವು ಅದರಲ್ಲಿದ್ದವು. ವಿದ್ಯಾರ್ಥಿಯು ತನ್ನ ಪ್ರಯೋಗಗಳ ಪುಸ್ತಕವನ್ನು ಉಪಾಧ್ಯಾಯರ ದೃಢೀಕರಣದೊಡನೆ ತಂದು, ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿಯೂ ಪರೀಕ್ಷೆಯನ್ನು ಎದುರಿಸಬೇಕಾಗಿದ್ದಿತು.

ಶಾಲೆಗಳು ಪ್ರಯೋಗದ ಮೇಜುಗಳನ್ನು ಕಟ್ಟತೊಡಗಿದ ಮೇಲೆ, ಯಾವ ವರ್ಷದಲ್ಲಿ ಈ ಪಾಠವಿರಬೇಕೆಂಬ ಚರ್ಚೆಯೆದ್ದಿತು. 1892ರಲ್ಲಿ ಎಲಿಯಟ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಹತ್ತು ಮಂದಿಯ ಸಮಿತಿಯು ವಿಜ್ಞಾನದ ತಜ್ಞರನ್ನು ಕೇಳಿದಾಗ, ಗಣಿತವು ಬಲಿತ ಮೇಲೆ ಬರಬೇಕಾದುದರಿಂದ ರಸಾಯನಶಾಸ್ತ್ರದ ತರುವಾಯ, ಅಂತಿಮ ವರ್ಷದಲ್ಲಿ ಭೌತಶಾಸ್ತ್ರವಿರಲೆಂದೂ, ಅರ್ಧದಷ್ಟಾದರೂ ಕಾಲ ಪ್ರಯೋಗಶಾಲೆಗೆ ಸಲ್ಲಲೆಂದೂ ಅವರು ಸೂಚಿಸಿದರು. ಸಮಿತಿಯು ಕ್ರಮವನ್ನು ತಿರುಗಿಸಿತು: ಕೊನೆಯ ವರ್ಷದವರೆಗೆ ಶಾಲೆಯಲ್ಲಿ ಉಳಿಯಲಾರದ ಮಕ್ಕಳಿಗೂ ಭೌತಶಾಸ್ತ್ರವು ದೊರೆಯಬೇಕಲ್ಲವೇ? ಕರುಣೆಯುಳ್ಳ ಈ ವಾದವು ಬಹುಕಾಲ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಭೌತಶಾಸ್ತ್ರವು ಅಲ್ಲಿ ಅಂತಿಮ ವರ್ಷದಲ್ಲಿಯೇ ನೆಲೆಯೂರಿತು.

ಆ ವೇಳೆಗೆ ಹಾಲ್ ಅವರ ಪಟ್ಟಿಯ ಜೀವವೂ ಬತ್ತಿದ್ದಿತು. ಉತ್ತರವನ್ನು ಮೊದಲೇ ಅರಿತು ಅಳತೆಯನ್ನು ತುಂಬುವ ಅಭ್ಯಾಸವು ಹಬ್ಬಿ, ಷಿಕಾಗೋದ ರಿಬೋರ್ಗ್ ಮಾನ್ ಮೊದಲಾದವರು ಅದನ್ನು ವಿರೋಧಿಸಿದರು.

ಪ್ರಯೋಗದ ಪಾಠಕ್ಕೆ ಮರಳಿ ಜೀವ ಬಂದುದು 1956ರಲ್ಲಿ, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೆರಾಲ್ಡ್ ಜಕರಾಯಸ್ ಭೌತಶಾಸ್ತ್ರಜ್ಞರನ್ನೂ ಶಾಲಾ ಉಪಾಧ್ಯಾಯರನ್ನೂ ಒಂದೆಡೆ ಕೂಡಿಸಿದಾಗ. ಮರುವರ್ಷ ಸ್ಪುಟ್ನಿಕ್ ಆಕಾಶಕ್ಕೇರಿದ ಮೇಲೆ ಆ ಕಾರ್ಯಕ್ಕೆ ಧನವೂ ಗಮನವೂ ಹೇರಳವಾಗಿ ಒದಗಿದವು. 1960ರಲ್ಲಿ ಅವರ ಪಠ್ಯಪುಸ್ತಕವು ಹೊರಬಂದಿತು. ಅವರ ಪ್ರಯೋಗಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಪಾನೀಯ ಹೀರುವ ಕೊಳವೆಯ ತಕ್ಕಡಿ. ಕೊಳವೆಯ ಒಂದು ತುದಿಗೆ ತಿರುಪುಮೊಳೆಯನ್ನು ತೂಕಕ್ಕಾಗಿ ಸೇರಿಸಿ, ನಡುವೆ ಸೂಜಿಯೊಂದನ್ನು ತೂರಿಸಿ, ಅದನ್ನು ಆಧಾರದ ಮೇಲಿರಿಸಿದರೆ, ಇನ್ನೊಂದು ತುದಿಯಲ್ಲಿಟ್ಟ ಕೂದಲೆಳೆಯ ತೂಕಕ್ಕೂ ಅದು ಬಾಗುತ್ತದೆ. ಅಳತೆಗೋಲಿನ ಗುರುತುಗಳನ್ನು ವಿದ್ಯಾರ್ಥಿಯೇ ಹಾಕಬೇಕು: ತೂಕ ತಿಳಿದ ದೊಡ್ಡ ಹಾಳೆಯೊಂದನ್ನು ಸಮನಾದ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರಿನ ತೂಕವನ್ನು ಭಾಗಾಕಾರದಿಂದ ಪಡೆದು, ಒಂದೊಂದಾಗಿ ಇಡುತ್ತ ಹೋಗಬೇಕು. ಇಲ್ಲಿ ಮುಂಚಿತವಾಗಿ ತಿಳಿದ ಉತ್ತರವೆಂಬುದಿಲ್ಲ. ಒಬ್ಬನ ತಕ್ಕಡಿಯ ಗುರುತು ಮತ್ತೊಬ್ಬನದಕ್ಕೆ ಹೊಂದದು.

ನಮ್ಮ ಕರ್ನಾಟಕದ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಜೊತೆಜೊತೆಯಾಗಿಯೇ ಸಾಗುವುದರಿಂದ ಯಾವುದು ಮೊದಲೆಂಬ ವಿವಾದವಿಲ್ಲ. ಪ್ರಾಯೋಗಿಕ ಪರೀಕ್ಷೆಗೆ 30 ಅಂಕಗಳಿವೆ. ಉಪನ್ಯಾಸಕರ ಸಹಿಯುಳ್ಳ ರೆಕಾರ್ಡ್ ಪುಸ್ತಕವೂ ಇದೆ. ಆದರೆ ಲೇಖನಿಯಿಂದ ಉತ್ತರವನ್ನು ಗುರುತಿಸುವ ಪ್ರವೇಶ ಪರೀಕ್ಷೆಗಳ ಒತ್ತಡದಲ್ಲಿ ಪ್ರಯೋಗಶಾಲೆಯ ಗಂಟೆಗಳು ಮೊದಲು ಕರಗುತ್ತವೆ. ರೀಡಿಂಗುಗಳು ಒಂದು ರೆಕಾರ್ಡಿನಿಂದ ಇನ್ನೊಂದಕ್ಕೆ ಇಳಿಯುತ್ತವೆ. ಸಾಮಗ್ರಿಯ ಅಭಾವವನ್ನು ಹೇಳುವ ಕಾಲೇಜುಗಳು ಮೀಟರ್ ಬ್ರಿಡ್ಜಿಗಾಗಿ ಕಾಯುತ್ತಿರುವಾಗಲೇ, ಕೊಳವೆ, ಸೂಜಿ, ಹಾಳೆ, ತಿರುಪುಮೊಳೆಗಳಿಂದ ಪ್ರಥಮ ಪಿಯುಸಿಯ ಮೊದಲ ವಾರದಲ್ಲಿಯೇ ಆ ತಕ್ಕಡಿಯನ್ನು ಮಾಡಿಸಬಹುದಾಗಿದೆ.