ಟ್ರಂಕಿನ ತಳದಲ್ಲಿ ಮಲಗಿರುವ ಕೌದಿ

ಮಗಳ ಶಾಲೆಯಲ್ಲಿ ‘ಕಸದಿಂದ ರಸ’ ಸ್ಪರ್ಧೆ. ಮನೆಯಲ್ಲಿ ಬೇಡವಾದ ವಸ್ತುಗಳಿಂದ ಏನಾದರೂ ಚೆಂದದ್ದು ಮಾಡಿಕೊಂಡು ಬರಬೇಕು. ಸರಿ, ಹಿಂದಿನ ದಿನ ಸಂಜೆ ನಾನೂ ಮಗಳೂ ಜಮಖಂಡಿ ಪೇಟೆಗೆ ಓಡಿದೆವು. ಥರ್ಮಾಕೋಲ್ ಹಾಳೆ, ಬಣ್ಣದ ಕಾಗದ, ಮಿನುಗು ಪುಡಿ, ಅಂಟು, ಐಸ್‌ಕ್ರೀಂ ಕಡ್ಡಿಗಳ ಹೊಸಾ ಪ್ಯಾಕೆಟ್... ಬಿಲ್ಲು ಮುನ್ನೂರ ನಲವತ್ತು ರೂಪಾಯಿ!

ಎಲ್ಲವನ್ನೂ ಪಡಸಾಲೆಯಲ್ಲಿ ಹರಡಿಕೊಂಡು ಕೂತಾಗ ನಮ್ಮತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಕಸದಿಂದ ಮಾಡೂದು ಅಂದ್ರಲ್ಲ, ಇದರಾಗ ಕಸ ಎಲ್ಲೈತವಾ? ಎಲ್ಲಾ ಹೊಸಾದ ಐತಿ!”

ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ನಿಜ ತಾನೆ? ಏನಾದರೂ ಹೊಸತು ಮಾಡಬೇಕು ಅನ್ನಿಸಿದ ತಕ್ಷಣ ನಾವು ಮೊದಲು ಹುಡುಕುವುದು ಪರ್ಸು. ಮನೆಯ ಮೂಲೆ, ಅಟ್ಟ, ಟ್ರಂಕು ನೆನಪಾಗುವುದೇ ಇಲ್ಲ. ನೆನಪಾದರೂ ಅಲ್ಲಿರುವುದನ್ನು ಹೊರಗೆ ಹಾಕುವುದಕ್ಕಷ್ಟೇ. ನಾನಂತೂ ಹಾಗೆ ಹೊರಗೆ ಹಾಕಿ, ಇವತ್ತಿಗೂ ಮರುಗುತ್ತಿರುವವಳು.

ಬಕೀಟಿಗೆ ಹೋದ ಹನ್ನೊಂದು ಸೀರೆ

ನನ್ನ ತವರು ಬನಹಟ್ಟಿ. ನೇಕಾರರ ಮನೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳೆದವರಿಗೆ ಮಗ್ಗದ ಸದ್ದೇ ಜೋಗುಳ. ಅಪ್ಪ ಮಗ್ಗದ ಕುಣಿಯಲ್ಲಿ ಕೂತರೆ ಅವ್ವ ರಾಟೆಯ ಮುಂದೆ. ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ. ಅಡುಗೆ, ನೀರು, ಮಕ್ಕಳು ಎಲ್ಲ ಮುಗಿಸಿ, ಮತ್ತೆ ರಾತ್ರಿ ಕಂಡಿಕೆ. ಅವ್ವ ಕಂಡಿಕೆ ಸುತ್ತದಿದ್ದರೆ ಅಪ್ಪನ ಲಾಳಿ ಓಡುವಂತಿರಲಿಲ್ಲ. ಆದರೂ ‘ನೇಯ್ದವರು ಯಾರು’ ಅಂತ ಕೇಳಿದರೆ ಹೇಳುತ್ತಿದ್ದದ್ದು ಅಪ್ಪನ ಹೆಸರು ಮಾತ್ರ.

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ನನ್ನ ಪಾಲಿಗೆ ಬಂತು. ಅದರ ತುಂಬ ಉಟ್ಟು ಮೆತ್ತಗಾದ ನೂಲಿನ ಸೀರೆಗಳು. ಒಂದೆರಡು ವರ್ಷ ಮಂಚದ ಕೆಳಗೆ ಇಟ್ಟುಕೊಂಡೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅದು ಕಾಲಿಗೆ ಎಡವತೊಡಗಿತು. ಅದೇ ಹೊತ್ತಿಗೆ ಓಣಿಯಲ್ಲಿ ಕೂಗು: “ಹಳೇ ಅರಿವಿ ಕೊಟ್ಟು ಭಾಂಡೆ ತಗೋರಿ...”

ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಆ ಹೆಂಗಸರನ್ನು ನೀವೂ ನೋಡಿರುತ್ತೀರಿ. ನಾನು ಅರ್ಧ ತಾಸು ಚೌಕಾಸಿ ಮಾಡಿ, ಹನ್ನೊಂದು ಸೀರೆಗೆ ಒಂದು ಸ್ಟೀಲ್ ಬಕೀಟು ತೆಗೆದುಕೊಂಡೆ. ಗೆದ್ದೆ ಅಂತಲೇ ಅಂದುಕೊಂಡೆ!

ಅತ್ತೆ ಗುಡಿಯಿಂದ ಬಂದವರು ಬಕೀಟು ನೋಡಿದರು, ಖಾಲಿ ಟ್ರಂಕು ನೋಡಿದರು. ಬೈಯಲಿಲ್ಲ. “ಬಕೀಟು ಹತ್ತ ವರ್ಷಕ್ಕ ತೂತ ಬೀಳತೈತಿ. ಆ ಸೀರಿ ಕೌದಿ ಆಗಿದ್ರ ನಿನ್ನ ಮೊಮ್ಮಕ್ಕಳೂ ಹೊಚ್ಚಗೊತಿದ್ರು” ಅಂದರು, ಅಷ್ಟೇ. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ.

ಒಂದು ಉಳಿದಿತ್ತು

‘ಕಸ ಎಲ್ಲೈತವಾ’ ಅನ್ನುವ ಮಾತು ಕೇಳಿದ ಮೇಲೆ ನಾನು ಹೊಲಿಗೆ ಯಂತ್ರದ ಕಡೆ ತಿರುಗಿದೆ. ಅದರ ಮೇಲೆ ಧೂಳು ಕೂರದಂತೆ ಹೊದಿಸಿದ್ದ ಬಟ್ಟೆ... ಅವ್ವನ ಇಳಕಲ್ ಸೀರೆ! ಭಾಂಡೆಯಾಕೆಯ ಗಂಟಿಗೆ ಸೇರದೆ ಅದೊಂದು ಉಳಿದುಕೊಂಡಿತ್ತು. ಮೈಯೆಲ್ಲ ಸವೆದಿದೆ, ಆದರೆ ಕೆಂಪು ಟೋಪ್‌ತೆನಿ ಸೆರಗು ಇನ್ನೂ ಗಟ್ಟಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗೆ ಸೆರಗಿನ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ ಸೇರಿಸುತ್ತಾರೆ. ಎಳೆಗೆ ಎಳೆ ಕೂಡಿಸುವ ಆ ಕೆಲಸದ ಕಷ್ಟವನ್ನು ಅವ್ವ ನನಗೆ ಎಷ್ಟು ಸಲ ಹೇಳಿದ್ದಳೋ!

“ಅತ್ತಿ, ಇದರಾಗ ಕೌದಿ ಆಗತೈತೇನ್ರಿ?” ಅಂದೆ.

“ಒಂದರಾಗ ಎಲ್ಲಿ ಆಗತೈತಿ? ತಡಿ” ಅನ್ನುತ್ತ ಅತ್ತೆ ತಮ್ಮ ಕೋಣೆಗೆ ಹೋದರು. ಮಾವನವರ ಎರಡು ಧೋತರ, ಒಂದು ಪಟಕಾ, ತಮ್ಮ ಮೂರು ಹಳೇ ಸೀರೆ, ಗುಳೇದಗುಡ್ಡ ಖಣದ ತುಂಡುಗಳ ಒಂದು ಗಂಟು ತಂದು ನನ್ನ ಮುಂದೆ ಹಾಕಿದರು. ತೇರು, ಆನೆ ಹೆಜ್ಜೆ, ಸೂಜಿಮಲ್ಲಿಗೆ ಅಂತ ಒಂದೊಂದು ಖಣದ ಹೆಸರನ್ನೂ ಬೆರಳಿಟ್ಟು ಹೇಳಿದರು. ಮದುವೆಯಾಗಿ ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಯಾವತ್ತೂ ಕೇಳಿರಲಿಲ್ಲ.

ಕೌದಿ ಅಂದರೆ ನಮ್ಮ ಕಡೆ ಹೊಸ ಮಾತೇನಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ತಾಲ್ಲೂಕಿನ ನದಿ ದಂಡೆಯ ಊರುಗಳಿಗೆ ನೀರು ಹೊಕ್ಕಾಗ ನಮ್ಮ ಸಂಬಂಧಿಕರೊಬ್ಬರು ಮನೆ ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಟಿ.ವಿ. ಬಿಟ್ಟು ಬಂದಿದ್ದರು, ಮಿಕ್ಸರ್ ಬಿಟ್ಟು ಬಂದಿದ್ದರು. ತಲೆಯ ಮೇಲೆ ಮಾತ್ರ ಎರಡು ಕೌದಿ! ಆಗ ನಮಗೆ ಅದು ಹುಚ್ಚುತನ ಅನ್ನಿಸಿತ್ತು. ಈಗ ಅರ್ಥವಾಗುತ್ತದೆ. ಟಿ.ವಿ.ಯನ್ನು ಮತ್ತೊಮ್ಮೆ ಕೊಳ್ಳಬಹುದು.

ಬಂಗಾಳದ ಹೆಂಗಸರು ಹಳೆ ಸೀರೆಗಳ ಪದರಗಳಿಂದ ಕಾಂಥಾ ಹೊಲಿಯುತ್ತಾರೆ. ನಮ್ಮದೇ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಬಣ್ಣಬಣ್ಣದ ಕೌದಿಗಳು ವಿದೇಶದ ಪ್ರದರ್ಶನಗಳಿಗೂ ಹೋಗಿವೆ. ನಮ್ಮ ಮನೆಯ ಕೌದಿ ಮಾತ್ರ ನಮಗೆ ‘ಹಳ್ಳಿ ಹಾಸಿಗೆ’!

ಐದು ಜನ, ಒಂದು ಕೌದಿ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎರಡು ತಾಸು ಟಿ.ವಿ., ಮೊಬೈಲ್ ಬಂದ್. ಇದು ಅತ್ತೆಯ ಕಾಯಿದೆ. ಮೊದಮೊದಲು ಎಲ್ಲರ ಮುಖವೂ ಊದಿಕೊಂಡಿತ್ತು. “ಐದುನೂರು ರೂಪಾಯಿಗೆ ಚೊಲೋ ಬ್ಲ್ಯಾಂಕೆಟ್ ಬರತೈತಿ, ಇದೆಲ್ಲಾ ಯಾಕ?” ಅಂತ ನಮ್ಮವರು ಗೊಣಗಿದರು. ಅತ್ತೆ ಸೂಜಿ, ದಾರ ಮಗನ ಕೈಗೆ ಕೊಟ್ಟು, “ನನಗ ಕಣ್ಣ ಕಾಣಸಂಗಿಲ್ಲ, ಪೋಣಿಸಿ ಕೊಡು” ಅಂದರು. ಅವತ್ತಿನಿಂದ ಅವರದು ದಾರ ಪೋಣಿಸುವ ಖಾತೆ! ಮಗ ಚೌಕ ತುಂಡುಗಳನ್ನು ಎಣಿಸಿ ಜೋಡಿಸುವವನು. ಮಗಳು ಮತ್ತು ನಾನು ಹೊಲಿಯುವವರು.

ನನ್ನ ಮೊದಲ ಸಾಲು ಹಾವು ಹರಿದಂತಾಯಿತು. ಅತ್ತೆ ಮಾತಾಡದೆ ಬಿಚ್ಚಿದರು. ಎರಡನೇ ಸಲವೂ ಬಿಚ್ಚಿದರು. ನನಗೆ ಸಿಟ್ಟು ಬಂದು ಎದ್ದು ಹೋದೆ. ಚಹಾ ಮಾಡಿಕೊಂಡು ಬಂದು ನೋಡಿದರೆ ನನ್ನ ಹನ್ನೆರಡು ವರ್ಷದ ಮಗಳು ಅತ್ತೆಯ ಪಕ್ಕದಲ್ಲಿ ಕೂತು ನೇರವಾದ ಸಾಲು ಹಾಕುತ್ತಿದ್ದಾಳೆ! ಮತ್ತೇನು, ಸಿಟ್ಟು ನುಂಗಿಕೊಂಡು ನಾನೂ ಕೂತೆ.

ಕೈ ಕೆಲಸದಲ್ಲಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ ನೋಡಿ. ‘ಇದು ಯಾರದು?’ ಅನ್ನುವುದು ಮಕ್ಕಳ ಆಟವಾಯಿತು. ಹಸಿರು ತುಂಡು ಅತ್ತೆ ಮೊದಲ ಸಲ ವಿಜಯಪುರಕ್ಕೆ ಹೋದಾಗ ಉಟ್ಟಿದ್ದು. ನೀಲಿಯದು ಮಗನ ಒಂದನೇ ತರಗತಿಯ ಯುನಿಫಾರ್ಮು. ಒಂದು ಭಾನುವಾರ ಖಣದ ಗಂಟಿನೊಳಗೆ ಅಂಗೈ ಅಗಲದ ಒಂದು ಕುಂಚಿಗೆ ಸಿಕ್ಕಿತು. ಎಳೆ ಕೂಸಿನ ತಲೆಗೆ ಕಟ್ಟುವಂಥದ್ದು.

“ಆಯಿ, ಇದು ಪಪ್ಪಾಂದ?” ಅಂತ ಮಗ ಕೇಳಿದ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಲ್ಲಪಾ. ನಿಮ್ಮ ಪಪ್ಪಾನಕಿಂತ ಮೊದಲ ಒಂದು ಹೆಣ್ಣ ಕೂಸು ಹುಟ್ಟಿತ್ತು. ಇಪ್ಪತ್ತೊಂದ ದಿವಸ ಇತ್ತು...”

ದಾರ ಪೋಣಿಸುತ್ತಿದ್ದ ನಮ್ಮವರ ಕೈ ನಿಂತುಬಿಟ್ಟಿತು. ತನಗೊಬ್ಬ ಅಕ್ಕ ಇದ್ದಳು ಅನ್ನುವುದು ಆ ಮನುಷ್ಯನಿಗೆ ನಲವತ್ತು ದಾಟಿದ ಮೇಲೆ ಗೊತ್ತಾಯಿತು. ಅಷ್ಟು ವರ್ಷ ಅತ್ತೆ ಆ ಗಂಟನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಸ್ವಚ್ಛತೆಯ ಹುಮ್ಮಸ್ಸಿನಲ್ಲಿ ನಾನು ಅವರ ಕೋಣೆಗೂ ಕೈ ಹಾಕಿ, ಅದನ್ನೂ ಬಕೀಟಿನ ಲೆಕ್ಕಕ್ಕೆ ಸೇರಿಸಿದ್ದರೆ? ಈಗಲೂ ಎದೆ ಝಲ್ಲೆನ್ನುತ್ತದೆ.

ದೀಪಾವಳಿಗೆ ಶುರುವಾದ ಕೌದಿ ಮುಗಿದದ್ದು ಹೋಳಿ ಹುಣ್ಣಿಮೆಯ ಹೊತ್ತಿಗೆ. ಕೊನೆಯ ಅಂಚು ಮುಚ್ಚುವ ಮೊದಲು ಅತ್ತೆ, “ಕೌದಿ ಹೊಟ್ಟಿ ಖಾಲಿ ಬಿಡಬಾರದು” ಅಂದು, ಆ ಕುಂಚಿಗೆಯನ್ನು ಪದರಗಳ ನಡುವೆ ಇಟ್ಟು ತಾವೇ ಹೊಲಿದರು. ಹೊರಗಿನಿಂದ ನೋಡಿದವರಿಗೆ ಅದು ಕಾಣುವುದಿಲ್ಲ. ನಮಗೆ ಗೊತ್ತು, ಅದು ಅಲ್ಲಿದೆ.

ಬೀಳಗಿಯ ಬಾಗಿಲು

ಈ ಕೌದಿ ನೋಡಲು ಬಂದ ಬೀಳಗಿಯ ಗೆಳತಿ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿರುವುದು ನಿಮಗೆ ಗೊತ್ತೇ ಇದೆ. ನೀರು ಬರುವ ಮೊದಲು ಜನ ತಮ್ಮ ಮನೆಗಳ ಬಾಗಿಲು, ತೊಲೆ, ಕಂಬ ಕಳಚಿಕೊಂಡು ಹೊರಟಿದ್ದರು. ಪುನರ್ವಸತಿ ಕೇಂದ್ರದ ಸಣ್ಣ ಮನೆಗೆ ಅಷ್ಟು ದೊಡ್ಡ ಬಾಗಿಲು ಎಲ್ಲಿ ಹಿಡಿಸಬೇಕು? ಕೆಲವರು ಮಾರಿದರು, ಕೆಲವರು ಒಲೆಗೆ ಹಾಕಿದರು.

ಗೆಳತಿಯ ಮನೆಯವರು ಮಾತ್ರ ಒಂದು ಬಾಗಿಲನ್ನು ಹಿತ್ತಲಲ್ಲಿ ಒರಗಿಸಿಟ್ಟಿದ್ದರು. ಅವಳು ಬಡಿಗೇರರನ್ನು ಕರೆಸಿ, ನಾಲ್ಕು ಕಾಲು ಕೊಡಿಸಿ, ಅದನ್ನೇ ಊಟದ ಮೇಜು ಮಾಡಿಕೊಂಡಿದ್ದಾಳೆ. ಅಗುಳಿ ಹಾಕುವ ಜಾಗ ಹಾಗೇ ಇದೆ. “ನಮ್ಮ ಅಜ್ಜಿ ದಿನಾ ಸಂಜಿಗೆ ಇದನ್ನ ಹಾಕತಿದ್ಲು. ಈಗ ನನ್ನ ಮಕ್ಕಳು ಇದರ ಮ್ಯಾಲೆ ರೊಟ್ಟಿ ತಿಂತಾರ” ಅಂತ ಅವಳು ಸವರಿದಳು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇನ್ನೂ ಮುಂದಿದೆ. ಅಂದರೆ ಇನ್ನಷ್ಟು ಮನೆಗಳ ಬಾಗಿಲು ಕಳಚುವುದು ಬಾಕಿ ಇದೆ. ಅವುಗಳಲ್ಲಿ ಒಂದಾದರೂ ಯಾರದೋ ಮನೆಯ ಮೇಜಾಗಲಿ, ಕಪಾಟಾಗಲಿ ಅನ್ನಿಸಿತು.

ನೀವೂ ಹೊಲಿಯಿರಿ

ಕೌದಿಗೆ ದೊಡ್ಡ ವಿದ್ಯೆ ಬೇಡ, ತಾಳ್ಮೆ ಬೇಕು. ನಾನು ಕಲಿತದ್ದನ್ನು ಹೇಳುತ್ತೇನೆ.

* ಬರೀ ನೂಲಿನ ಬಟ್ಟೆ ಆರಿಸಿ. ಪಾಲಿಯೆಸ್ಟರ್ ಜಾರುತ್ತದೆ, ಬೆವರು ಹೀರುವುದಿಲ್ಲ. ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ. ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

* ಆರು ಗಜದ ಸೀರೆ ಸುಮಾರು ಐದೂವರೆ ಮೀಟರ್ ಉದ್ದ ಇರುತ್ತದೆ. ಅದನ್ನು ನಡುವೆ ಕತ್ತರಿಸಿ ಅಂಚಿಗೆ ಅಂಚು ಸೇರಿಸಿದರೆ ಇಬ್ಬರು ಹೊದೆಯುವಷ್ಟು ದೊಡ್ಡ ಹಾಸು ಆಗುತ್ತದೆ. ಗಟ್ಟಿ ಇರುವ ಸೀರೆ ಕೆಳಗೆ, ಸವೆದದ್ದು ನಡುವೆ, ಚೆಂದದ ತುಂಡುಗಳು ಮೇಲೆ.

* ಮೂರು ಅಥವಾ ನಾಲ್ಕು ಪದರ ಸಾಕು. ಅದಕ್ಕಿಂತ ದಪ್ಪವಾದರೆ ಸೂಜಿ ಇಳಿಯುವುದಿಲ್ಲ, ಒಗೆದಾಗ ಒಣಗುವುದಿಲ್ಲ.

* ನಾಲ್ಕು ಮೂಲೆಗೆ ಭಾರ ಇಟ್ಟು, ಸುಕ್ಕು ಬಿಡಿಸಿ, ಮೊದಲು ದೂರ ದೂರ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ದಪ್ಪ ನೂಲಿನ ದಾರದಿಂದ ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತ ಬನ್ನಿ.

* ಮೊದಲ ಸಲಕ್ಕೆ ದೊಡ್ಡದು ಬೇಡ. ಕೂಸಿನ ಕೌದಿ ಅಥವಾ ಕುರ್ಚಿಯ ಹಾಸಿನಿಂದ ಶುರು ಮಾಡಿ.

* ಒಳ್ಳೆಯ ಸೀರೆಗೆ ಸಣ್ಣ ತೂತು ಬಿದ್ದಿದ್ದರೆ ಕತ್ತರಿಸಬೇಡಿ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಕಸೂತಿ ಹೊಲಿಗೆಗಳಲ್ಲಿ ಒಂದನ್ನು ಕಲಿತು ಅಲ್ಲೊಂದು ಪುಟ್ಟ ಗೋಪುರ ಮೂಡಿಸಿ.

* ನಿಮಗೆ ಹೊಲಿಯಲು ಆಗದಿದ್ದರೆ ಕೌದಿ ಹೊಲಿದುಕೊಡುವ ಹೆಂಗಸರು ಇದ್ದಾರೆ. ದಯವಿಟ್ಟು ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಒಂದು ಸಾಲು ಹೊಲಿದು ನೋಡಿದರೆ ಸಾಕು, ಬೆಲೆ ತಾನಾಗಿ ಗೊತ್ತಾಗುತ್ತದೆ.

ಹಳೆಯದು ಕೊಳ್ಳುವ ಮುನ್ನ

ಗುಜರಿ ಅಂಗಡಿ, ವಾರದ ಸಂತೆಯ ಮೂಲೆಗಳಲ್ಲಿ ಒಮ್ಮೊಮ್ಮೆ ಚಿನ್ನದಂಥ ವಸ್ತು ಸಿಗುತ್ತದೆ. ಶಾವಿಗೆ ಮಣೆ, ಹಿತ್ತಾಳೆ ಡಬ್ಬಿ, ತಗಡಿನ ಟ್ರಂಕು... ಆದರೆ ಕಣ್ಣು ಮುಚ್ಚಿ ತರಬೇಡಿ. ಮರದ ಸಾಮಾನನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ಪುಡಿ ಉದುರಿದರೆ ಗೆದ್ದಲಿರಬಹುದು. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಮಾಡುವ ಮೊದಲು ಕಲಾಯಿ ಹಾಕಿಸಲೇಬೇಕು. ಹಳೇ ಗಾದಿ, ದಿಂಬು ಎಷ್ಟೇ ಅಗ್ಗವಾದರೂ ಬೇಡ, ತಗಣಿ ಮನೆಗೆ ಬಂದರೆ ಹೋಗುವುದಿಲ್ಲ. ಎಲ್ಲಕ್ಕಿಂತ ಮೊದಲು, ಇದನ್ನು ಏನು ಮಾಡುತ್ತೇನೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಇಲ್ಲವಾದರೆ ಒಬ್ಬರ ಅಟ್ಟದ ಕಸ ಇನ್ನೊಬ್ಬರ ಅಟ್ಟ ಸೇರುತ್ತದೆ, ಅಷ್ಟೇ!

ಎಲ್ಲವನ್ನೂ ಕೂಡಿಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ನಗರದ ಮನೆಗಳಲ್ಲಿ ಅಷ್ಟು ಜಾಗ ಎಲ್ಲಿದೆ? ಕೊಡುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ, ‘ಇದು ಯಾರದು?’ ಅಂತ. ಅವರು ಹೇಳುವಷ್ಟು ಹೊತ್ತು ಕೂತು ಕೇಳಿ. ಆಮೇಲೂ ಬೇಡ ಅನ್ನಿಸಿದರೆ ಧಾರಾಳವಾಗಿ ಕೊಡಿ.

ಈ ವರ್ಷವೂ ಶಾಲೆಯಲ್ಲಿ ‘ಕಸದಿಂದ ರಸ’ ನಡೆಯಿತು. ಮಗಳು ಉಳಿದ ಖಣದ ತುಂಡುಗಳಿಂದ ಒಂದು ಕೈಚೀಲ ಹೊಲಿದುಕೊಂಡು ಹೋದಳು. ಖರ್ಚು ಒಂದು ರೀಲು ದಾರ. ಬಹುಮಾನ ಬರಲಿಲ್ಲ, ಥರ್ಮಾಕೋಲಿನ ತಾಜಮಹಲಿಗೆ ಬಂತು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಮನೆಗೆ ಬಂದವಳೇ ಚೀಲವನ್ನು ಅತ್ತೆಯ ಹೆಗಲಿಗೆ ಹಾಕಿದಳು. ಈಗ ಅತ್ತೆ ಅದನ್ನು ಹಾಕಿಕೊಂಡೇ ಗುಡಿಗೆ ಹೋಗುತ್ತಾರೆ, ಕೇಳಿದವರಿಗೂ ಕೇಳದವರಿಗೂ ‘ನಮ್ಮ ಮೊಮ್ಮಗಳು ಹೊಲದಾಳ’ ಅಂತ ಹೇಳುತ್ತ.

ಬಕೀಟು ಇನ್ನೂ ಬಚ್ಚಲಲ್ಲಿದೆ. ತಳ ಆಗಲೇ ಸ್ವಲ್ಪ ಸೋರುತ್ತಿದೆ.

ನಿಮ್ಮ ಟ್ರಂಕಿನ ತಳದಲ್ಲಿ ಯಾರ ಸೀರೆ ಇದೆ? ಇವತ್ತೇ ಒಮ್ಮೆ ತೆಗೆದು ನೋಡಿ.