ಬಳಸಿದ ಬೆಲೆಬಾಳುವ ಕೈಗಡಿಯಾರಗಳ ಆನ್‌ಲೈನ್ ಖರೀದಿ: ಮಾರಾಟಗಾರರ ಹಾಗೂ ಖರೀದಿದಾರರ ಹೊಣೆಗಾರಿಕೆ

ರೋಲೆಕ್ಸ್, ಒಮೆಗಾ ಮುಂತಾದ ಸಂಸ್ಥೆಗಳ ಬಳಸಿದ ಕೈಗಡಿಯಾರಗಳು ಅಂತರಜಾಲದ ಮೂಲಕ ಮಾರಾಟವಾಗುತ್ತಿವೆ. ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆಯೇ ಲಕ್ಷಾಂತರ ರೂಪಾಯಿ ಪಾವತಿಸುವ ಈ ವ್ಯವಹಾರದಲ್ಲಿ ಉಭಯ ಪಕ್ಷಗಳಿಗೂ ಕಾನೂನಿನ ಬಾಧ್ಯತೆಗಳಿರುತ್ತವೆ. ಸಾರ್ವಜನಿಕರ ಮಾಹಿತಿಗಾಗಿ ಅವುಗಳನ್ನು ಇಲ್ಲಿ ವಿವರಿಸಲಾಗಿದೆ.

ಮಾರುವವರು ಯಾರೆಂಬುದು ಮೊದಲ ಪ್ರಶ್ನೆ

ವ್ಯಾಪಾರಿಯಿಂದ ಸ್ವಂತ ಬಳಕೆಗೆ ಕೊಂಡವರಿಗೆ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ರಕ್ಷಣೆ ದೊರೆಯುತ್ತದೆ. ಆನ್‌ಲೈನ್ ಖರೀದಿಯೂ ಇದರಲ್ಲಿ ಸೇರಿದೆ. ಆದರೆ ಮರುಮಾರಾಟಕ್ಕಾಗಿ ಕೊಂಡವರು ಈ ಅಧಿನಿಯಮದ ಅರ್ಥದಲ್ಲಿ ಗ್ರಾಹಕರಲ್ಲ. ಅಂತೆಯೇ, ವ್ಯಾಪಾರದ ಉದ್ದೇಶವಿಲ್ಲದೆ ತನ್ನ ಗಡಿಯಾರವನ್ನು ಒಮ್ಮೆ ಮಾರುವ ಖಾಸಗಿ ವ್ಯಕ್ತಿಗೆ 2020ರ ಇ-ವಾಣಿಜ್ಯ ನಿಯಮಗಳು ಅನ್ವಯಿಸುವುದಿಲ್ಲ. ಅಂತಹ ವ್ಯವಹಾರಕ್ಕೆ ಸರಕು ಮಾರಾಟ ಅಧಿನಿಯಮ, 1930 ಅನ್ವಯವಾಗುತ್ತದೆ ಹಾಗೂ ಪರಿಹಾರವನ್ನು ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದಲ್ಲಿ ಕೋರಬೇಕಾಗುತ್ತದೆ. ಬಹುಪಾಲು ಖರೀದಿದಾರರು ಈ ವ್ಯತ್ಯಾಸವನ್ನು ಅರಿಯುವುದು ಹಣ ಪಾವತಿಸಿದ ನಂತರವೇ.

ಮಾರಾಟಗಾರರ ಹೊಣೆ

ಜಾಹೀರಾತಿನಲ್ಲಿ ನೀಡಿದ ವರ್ಣನೆಗೂ ಕಳುಹಿಸಿದ ವಸ್ತುವಿಗೂ ತಾಳೆಯಾಗತಕ್ಕದ್ದು. ಕವಚ ಮೂಲದ್ದಾಗಿದ್ದು ಡಯಲ್, ಮುಳ್ಳು ಅಥವಾ ಒಳಯಂತ್ರವನ್ನು ಬದಲಾಯಿಸಿದ್ದಲ್ಲಿ, ಅದನ್ನು ತಿಳಿಸದೆ “ಸಂಪೂರ್ಣ ಅಸಲಿ” ಎಂದು ಮಾರುವುದು ತಪ್ಪು ವರ್ಣನೆಯಾಗುತ್ತದೆ. ಇದು ವಿದೇಶಿ ಗಡಿಯಾರಗಳಿಗಷ್ಟೇ ಸೀಮಿತವಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ತಯಾರಿಕೆ ಆರಂಭವಾದ ಎಚ್‌ಎಂಟಿ ಕೈಗಡಿಯಾರಗಳೂ ಹೊಸದಾಗಿ ಬಣ್ಣ ಬಳಿದ ಡಯಲ್‌ಗಳೊಡನೆ ಹಳೆಯ ಮೂಲ ಸರಕಿನ ಹೆಸರಿನಲ್ಲಿ ಮಾರಾಟಕ್ಕೆ ಬರುವುದುಂಟು.

ನಕಲಿ ವ್ಯಾಪಾರ ಚಿಹ್ನೆಯುಳ್ಳ ಗಡಿಯಾರವನ್ನು ಮಾರುವುದು ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999ರಡಿ ಅಪರಾಧವಾಗಿದ್ದು, 6 ತಿಂಗಳಿಂದ 3 ವರ್ಷಗಳವರೆಗೆ ಕಾರಾವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ಜುಲ್ಮಾನೆ ವಿಧಿಸಬಹುದು. ವಸ್ತುವು ದೋಷಯುಕ್ತ, ನಕಲಿ ಅಥವಾ ಜಾಹೀರಾತಿಗೆ ವಿರುದ್ಧವಾಗಿದ್ದಲ್ಲಿ, ಇ-ವಾಣಿಜ್ಯ ತಾಣದ ಮೂಲಕ ಮಾರಿದ ವ್ಯಾಪಾರಿಯು ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. “ಮಾರಿದ ಸರಕನ್ನು ಹಿಂಪಡೆಯುವುದಿಲ್ಲ” ಎಂಬ ಷರಾ ಇದಕ್ಕೆ ಅಡ್ಡಿಯಾಗದು.

ಮಾರುವ ಹಕ್ಕು ಇಲ್ಲದವರಿಂದ ಕೊಂಡವರಿಗೆ ಒಡೆತನ ಲಭಿಸುವುದಿಲ್ಲ. ಗಡಿಯಾರವು ಕಳವಿನದೆಂದು ತಿಳಿದುಬಂದಲ್ಲಿ, ಸದ್ಭಾವನೆಯಿಂದ ಪೂರ್ಣ ಬೆಲೆ ತೆತ್ತವರೂ ಅದನ್ನು ನಿಜವಾದ ಮಾಲೀಕರಿಗೆ ಒಪ್ಪಿಸಿ, ತಮ್ಮ ಹಣವನ್ನು ಮಾರಾಟಗಾರರಿಂದಲೇ ವಸೂಲು ಮಾಡಿಕೊಳ್ಳಬೇಕಾಗುತ್ತದೆ. ಮಾರಾಟಗಾರರ ವಿಳಾಸವೇ ಇಲ್ಲದಿದ್ದಲ್ಲಿ ಈ ಹಕ್ಕು ಕಾಗದದಲ್ಲಷ್ಟೇ ಉಳಿಯುತ್ತದೆ. ಆದುದರಿಂದ ಮೂಲ ಖರೀದಿ ರಸೀದಿಯ ಪ್ರತಿ ಹಾಗೂ ಮಾರಾಟಗಾರರ ಗುರುತು ಮತ್ತು ವಿಳಾಸವನ್ನು ಮುಂಚಿತವಾಗಿಯೇ ಪಡೆಯತಕ್ಕದ್ದು.

ಖರೀದಿದಾರರ ಹೊಣೆ

ಖಾತರಿ ಪತ್ರದಲ್ಲಿರುವ ಕ್ರಮಸಂಖ್ಯೆ ಗಡಿಯಾರದ ಮೇಲಿನ ಸಂಖ್ಯೆಯೊಂದಿಗೆ ತಾಳೆಯಾಗುವುದೇ ಎಂಬುದನ್ನು ಪರಿಶೀಲಿಸುವುದು. ಪೆಟ್ಟಿಗೆ ಹಾಗೂ ಪತ್ರಗಳು ಅಸಲಿಯಾಗಿದ್ದ ಮಾತ್ರಕ್ಕೆ ಒಳಗಿನ ಗಡಿಯಾರವೂ ಅಸಲಿಯೆಂದು ಭಾವಿಸಲಾಗದು. ಕವಚ ತೆರೆದು ಒಳಯಂತ್ರದ ಛಾಯಾಚಿತ್ರ ಕೋರುವುದು ಸೂಕ್ತ.

ಮೊದಲು ಪರೀಕ್ಷಿಸದ ಸರಕನ್ನು ತಲುಪಿದ ನಂತರ ಪರೀಕ್ಷಿಸಲು ಖರೀದಿದಾರರಿಗೆ ಯುಕ್ತ ಅವಕಾಶವಿರುತ್ತದೆ. ಆದರೆ ಆಕ್ಷೇಪಣೆ ತಿಳಿಸದೆ ಯುಕ್ತ ಕಾಲಾವಧಿ ಮೀರಿ ಇಟ್ಟುಕೊಂಡಲ್ಲಿ ಅದನ್ನು ಸ್ವೀಕರಿಸಿದಂತೆ ಪರಿಗಣಿಸಲಾಗುತ್ತದೆ. ಆ ಬಳಿಕ ಸಾಮಾನ್ಯವಾಗಿ ನಷ್ಟ ಪರಿಹಾರವನ್ನಷ್ಟೇ ಕೋರಬಹುದೇ ಹೊರತು ಗಡಿಯಾರವನ್ನು ತಿರಸ್ಕರಿಸಲಾಗದು. ಆದ್ದರಿಂದ ಪೊಟ್ಟಣ ತೆರೆಯುವುದನ್ನು ಚಿತ್ರೀಕರಿಸಿ, ಪರಿಣತ ದುರಸ್ತಿಗಾರರಿಂದ ಕೂಡಲೇ ತಪಾಸಣೆ ಮಾಡಿಸಿ, ದೋಷವಿದ್ದಲ್ಲಿ ಲಿಖಿತವಾಗಿ ತಿಳಿಸತಕ್ಕದ್ದು.

ಪಾವತಿಯು ಬ್ಯಾಂಕ್ ಮೂಲಕವೇ ಆಗುವುದು ಒಳ್ಳೆಯದು. ಒಂದೇ ವ್ಯವಹಾರಕ್ಕೆ 2 ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚಿನ ನಗದನ್ನು ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ದೂರು ಸಲ್ಲಿಸುವ ವಿಧಾನ

ಇ-ವಾಣಿಜ್ಯ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ನೀಡಿದಲ್ಲಿ, ಅವರು 48 ಗಂಟೆಗಳೊಳಗೆ ಸ್ವೀಕೃತಿ ನೀಡಿ ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ, ಪಾವತಿಸಿದ ಮೊತ್ತ 50 ಲಕ್ಷ ರೂ. ಮೀರದ ಪ್ರಕರಣಗಳಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಮಾರಾಟಗಾರರು ಬೇರೆ ರಾಜ್ಯದಲ್ಲಿದ್ದರೂ ಅಲ್ಲಿಗೆ ಹೋಗಬೇಕಾಗಿಲ್ಲ. 5 ಲಕ್ಷ ರೂ.ಗಳವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ಜಾಹೀರಾತಿನ ಪ್ರತಿ, ಸಂದೇಶಗಳು, ಪಾವತಿಯ ವಿವರ ಹಾಗೂ ದುರಸ್ತಿಗಾರರ ವರದಿಯನ್ನು ಲಗತ್ತಿಸುವುದು. ಜಾಹೀರಾತನ್ನು ಮಾರಾಟಗಾರರು ಯಾವಾಗ ಬೇಕಾದರೂ ಅಳಿಸಬಹುದಾದ್ದರಿಂದ ಅದರ ಪ್ರತಿಯನ್ನು ಖರೀದಿಯ ದಿನವೇ ತೆಗೆದಿರಿಸಿಕೊಳ್ಳತಕ್ಕದ್ದು.

ಹಣ ಪಡೆದು ಗಡಿಯಾರವನ್ನೇ ಕಳುಹಿಸದೆ ವಂಚಿಸಿದಲ್ಲಿ, ಆ ಹಣವು ವಂಚಕರ ಖಾತೆಯಿಂದ ಮುಂದಕ್ಕೆ ವರ್ಗಾವಣೆಯಾಗುವ ಮೊದಲೇ ತಡೆಹಿಡಿಯಲು ಅನುವಾಗುವಂತೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡತಕ್ಕದ್ದು.